ಬಲಕ್ಕೆ ಮುಖ ಮಾಡಿದ ಡ್ರೈವರ್

ಸ್ಟೇಶನ್ ಬಜಾರ, ಗುಲಬರ್ಗಾ
14 ಜೂನ್ 1999

ಮಲ್ಕಪ್ಪ ಕಾಕಾ ಅವರಿಗೆ ಅನ್ನಮ್ಮ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲು ಹೋದೆ. ಅವ್ವ ಪಕ್ಕದಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. "ಸುಳ್ಳು ಯಾಕ ಬರೀತಿ? ಮನೀ ಗಂಡಸು ಹೋಗಿ ಆರು ತಿಂಗಳ ಆಗಿಲ್ಲ" ಎಂದಳು. ಅದಕ್ಕೇ ಆ ಸಾಲು ಬಿಟ್ಟಿದ್ದೇನೆ.

ನಾನು ಯಾರೆಂದು ಮರೆತಿದ್ದರೆ ನೆನಪು ಮಾಡುತ್ತೇನೆ. ನಿಮ್ಮ ಇಂಜಿನ್ನಿನಲ್ಲಿ ಹದಿನಾಲ್ಕು ವರ್ಷ ಕಲ್ಲಿದ್ದಲು ಹಾಕಿದ ಫಾಯರ್‌ಮನ್ ಭಾಗಪ್ಪನ ಮಗಳು. ಜನವರಿಯಲ್ಲಿ ಅಪ್ಪ ತೀರಿಕೊಂಡಾಗ ಕಮಲಾಪುರಕ್ಕೆ ಸುದ್ದಿ ಮುಟ್ಟಿಸಿದ್ದೆವು. ನೀವು ಬರಲಿಲ್ಲ. ರಿಟೈರಾದ ಮೇಲೆ ನಿಮ್ಮ ಕಣ್ಣು ಪೂರಾ ಹೋಗಿವೆ, ಬಸ್ ಹತ್ತಿಸಲು ಒಬ್ಬರು ಬೇಕು ಎಂದು ಆಮೇಲೆ ತಿಳಿಯಿತು. ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇದೆ, ಮುಚ್ಚಿಡುವುದಿಲ್ಲ.

ವಿಷಯ ಇಷ್ಟು. ಅಪ್ಪನ ಟ್ರಂಕು ತೆಗೆದೆ. ಖಾಕಿ ಅಂಗಿಯ ಕೆಳಗೆ ಹಳೇ ಧೋತರದಲ್ಲಿ ಸುತ್ತಿಟ್ಟ ಇಂಜಿನ್ ಸಿಕ್ಕಿತು. ಅವನೇ ಕೈಯಿಂದ ಮಾಡಿದ್ದು, ಮೊಳದುದ್ದದ ಉಗಿ ಇಂಜಿನ್. ಹಿತ್ತಾಳೆ ಕೊಳವೆಯ ಬಾಯ್ಲರ್, ಡಬ್ಬಿ ತಗಡಿನ ಕ್ಯಾಬ್, ಕಪನೂರಿನ ಲೇಥಿನಲ್ಲಿ ಕಡೆಸಿದ ಗಾಲಿ. ಒಳಗೆ ಅಲಾರಾಂ ಗಡಿಯಾರದ ಸ್ಪ್ರಿಂಗು. ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಕೀಲಿ ಕೊಟ್ಟರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿತ್ತು. ಈಗ ಸ್ಪ್ರಿಂಗು ಮುರಿದಿದೆ. ಕ್ಯಾಬಿನ ಒಳಗೆ ಬೆರಳಿನ ಗೆಣ್ಣಿನಷ್ಟು ಎತ್ತರದ ಇಬ್ಬರು ತಗಡಿನ ಮನುಷ್ಯರು ಮಸಿ ಹಿಡಿದು ನಿಂತಿದ್ದಾರೆ. ಎಡಗಡೆ ಡ್ರೈವರ್, ಬಲಗಡೆ ಫಾಯರ್‌ಮನ್.

ನಾನು ಶಫಿ ಚಾಚಾನ ರೇಡಿಯೋ ಟಿವಿ ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸ್ಪ್ರಿಂಗು ಕಿತ್ತು ಟೇಪ್ ರೆಕಾರ್ಡರಿನ ಮೋಟಾರು ಕೂಡಿಸುತ್ತೇನೆ. ಹೆಡ್‌ಲೈಟ್ ಉರಿಯಬೇಕು, ಒಲೆಯ ಬಾಯಲ್ಲಿ ಬೆಂಕಿ ಮಿನುಗಬೇಕು, ಶಿಳ್ಳೆ ಹೊಡೆಯಬೇಕು. ಬರುವ ಜನವರಿಗೆ ಅಪ್ಪನ ವರ್ಷದ ದಿನ. ಪೆನ್ಶನ್ ಮಂದಿ ಊಟಕ್ಕೆ ಬರುತ್ತಾರೆ. ಅಪ್ಪನ ಜೋಡಿ ರೈಲ್ವೆಯಲ್ಲಿದ್ದ ಅವರ ಮುಂದೆ ಅದು ಓಡಬೇಕು. ದೀಪ ಎಲ್ಲೆಲ್ಲಿ, ಎಷ್ಟು, ಯಾವ ಬಣ್ಣ ಎಂದು ನೀವು ತಿಳಿಸಬೇಕು. ಈಗಿನ ಡೀಸೆಲ್ ಇಂಜಿನ್ನಿನವರಿಗೆ ಕೇಳಿದರೆ ನಗುತ್ತಾರೆ.

ಇನ್ನೊಂದು ಮಾತಿದೆ. ಅದೇ ಮುಖ್ಯ. ಅಪ್ಪನಿಗೆ ಎರಡು ಸಲ ಡ್ರೈವರ್ ಟ್ರೇನಿಂಗಿಗೆ ಕರೆ ಬಂದಿತ್ತು. ಮೊದಲ ಸಲ ಜ್ವರ ಎಂದ. ಎರಡನೇ ಸಲ, ಎಂಬತ್ತೈದರಲ್ಲಿ, "ಇಂಜಿನ್ ಒಬ್ಬನೇ ನಡೆಸಲು ನನಗೆ ಧೈರ್ಯವಿಲ್ಲ" ಎಂದು ಸ್ವಂತ ಕೈಯಿಂದ ಬರೆದು ಸಹಿ ಮಾಡಿಕೊಟ್ಟ. ಅದು ಇಂಜಿನ್ ಶೆಡ್ಡಿನ ತುಂಬ ಗೊತ್ತಾಯಿತು. ಆವತ್ತಿನಿಂದ ಅವನಿಗೆ ಬಲಗಡೆ ಭಾಗಪ್ಪ ಎಂದು ಹೆಸರು ಬಿತ್ತು. ಅವನು ಸಾಯುವ ತನಕ ಅವ್ವ ಅದನ್ನು ಎತ್ತಿ ಆಡಿದಳು. ನಾನೂ ಒಮ್ಮೆ ಆಡಿದ್ದೇನೆ. ಕಾಕಾ, ನೀವು ಅವನ ಜೋಡಿ ನಿಂತವರು. ನಮ್ಮಪ್ಪ ಅಂಜುಬುರುಕ ಇದ್ದನೇ? ಹೌದೆಂದರೆ ಹೌದು ಎನ್ನಿ, ನಾನು ತಡೆದುಕೊಳ್ಳುತ್ತೇನೆ.

ಉತ್ತರ ಕಾಯುವ
ಅನ್ನಮ್ಮ


ಕಮಲಾಪುರ
20 ಜುಲೈ 1999

ಚಿರಂಜೀವಿ ಅನ್ನಮ್ಮಳಿಗೆ ಆಶೀರ್ವಾದ.

ಹೇಳುತ್ತಿರುವವನು ನಾನು. ಬರೆಯುತ್ತಿರುವವಳು ನಿನ್ನ ಕಾಕು ದುಂಡಮ್ಮ. ಅವಳು ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ಸೊಟ್ಟ ಇದ್ದರೆ ನಗಬೇಡ.

ದೀಪದ ಲೆಕ್ಕ ತಗೋ. ಮುಂದೆ, ಹೊಗೆ ಡಬ್ಬಿಯ ನೆತ್ತಿಯ ಮೇಲೆ ಒಂದು ದೊಡ್ಡ ಹೆಡ್‌ಲೈಟ್. ಕೆಳಗೆ ಬಫರಿನ ಮೇಲೆ ಆಚೆ ಈಚೆ ಎರಡು ಸಣ್ಣವು, ಬಿಳಿ. ಇಂಜಿನ್ ಒಂಟಿಯಾಗಿ ಓಡುವಾಗ ಹಿಂದೆ ಕೆಂಪು. ಕ್ಯಾಬಿನ ಒಳಗೆ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜು ಕಾಣುವಷ್ಟು ಮಂದ ದೀಪ. ಅದಕ್ಕಿಂತ ಹೆಚ್ಚು ಬೆಳಕು ಒಳಗೆ ಇಟ್ಟರೆ ಹೊರಗಿನ ದಾರಿ ಕಾಣುವುದಿಲ್ಲ.

ಭಾಗಪ್ಪನ ಮಣ್ಣಿಗೆ ಬರಲಿಲ್ಲ. ಅದಕ್ಕೆ ಕಣ್ಣಿನ ನೆವ ಹೇಳುವುದಿಲ್ಲ. ನಿನ್ನ ಸಿಟ್ಟು ಪೂರಾ ಇಟ್ಟುಕೋ.

ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೆಂಪು ಬಾಳೆಯ ಎರಡು ಚಿಪ್ಪು ಕಳಿಸಿದ್ದೇವೆ. ನಿಮ್ಮವ್ವ ಪುತಳಾಬಾಯಿಗೆ ಕೊಡು.

ಮಲ್ಕಪ್ಪ


ಸ್ಟೇಶನ್ ಬಜಾರ, ಗುಲಬರ್ಗಾ
22 ಆಗಸ್ಟ್ 1999

ಕಾಕಾ, ಕಾಕು ಇಬ್ಬರಿಗೂ ನಮಸ್ಕಾರ.

ಬಾಳೆಹಣ್ಣು ಬಂದವು. ಅವ್ವ ಒಂದನ್ನೂ ಮುಟ್ಟಲಿಲ್ಲ, ಎಲ್ಲವನ್ನೂ ನಾನೂ ಶಫಿ ಚಾಚಾನೂ ತಿಂದೆವು. ಬೇಸರ ಮಾಡಿಕೊಳ್ಳಬೇಡಿ. ಉಗಿ ಇಂಜಿನ್ನಿನ ಕಾಲದ ಯಾವುದೂ ಅವಳಿಗೆ ಆಗುವುದಿಲ್ಲ. ನಾನು ಮೇಜಿನ ಮೇಲೆ ಇಂಜಿನ್ ಬಿಚ್ಚಿ ಹರಡಿದರೆ ಅವಳು ಎದ್ದು ಅಡಿಗೆ ಮನೆಗೆ ಹೋಗುತ್ತಾಳೆ. "ಸತ್ತ ಎಮ್ಮಿ ಹತ್ತು ಸೇರು ಹಾಲು ಕೊಡ್ತಿತ್ತಂತ. ಈಗ ಅದಕ್ಕ ದೀಪ ಹಚ್ಚಿ ಮೆರವಣಿಗಿ ಮಾಡು" ಎನ್ನುತ್ತಾಳೆ.

ಮೊದಲ ಪ್ರಯತ್ನದಲ್ಲೇ ಎಡವಟ್ಟು ಮಾಡಿದೆ. ಅಪ್ಪ ಹೆಡ್‌ಲೈಟಿಗೆ ಒಂದು ತಗಡಿನ ಬಟ್ಟಲು ಬೆಸೆದು, ಮುಂದೆ ಕೈಗಡಿಯಾರದ ಗಾಜು ಕೂಡಿಸಿದ್ದ. ಅದರೊಳಗೆ ಬ್ಯಾಟರಿ ಬಲ್ಬು ಇಟ್ಟೆ. ಹತ್ತು ನಿಮಿಷದಲ್ಲಿ ಕಾದು ಬೆಸುಗೆ ಕರಗಿ ಬಟ್ಟಲು ಕೆಳಗೆ ಉರುಳಿತು. ಶಫಿ ಚಾಚಾ ಕನ್ನಡಕ ಮೇಲೆ ಮಾಡಿ, "ಅರೆ ಬೇಟಿ, ಇಂಜಿನ್ನಿನ ಕಣ್ಣೇ ಬಿದ್ದು ಹೋಯ್ತಲ್ಲ. ಡ್ರೈವರಗ ಏನು ಕಾಣಬೇಕು?" ಎಂದ. ಈಗ ಎಲ್ಇಡಿ ಹಾಕಿದ್ದೇನೆ, ಅದು ಕಾಯುವುದಿಲ್ಲ. ಬಿಳಿಯದು ಸಿಗಲಿಲ್ಲ, ಹಳದಿ. ಹಳೇ ಇಂಜಿನ್ನಿಗೆ ಅದೇ ಚೆಂದ. ಒಲೆಯ ಬಾಯಿಗೆ ಎರಡು ಕಿತ್ತಳೆ ಬಣ್ಣದವು, ಒಂದು ಆರುವಾಗ ಒಂದು ಹತ್ತುವ ಹಾಗೆ ಸರ್ಕೀಟು ಮಾಡಿದೆ. ಸೆಲ್ಲುಗಳನ್ನು ಹಿಂದಿನ ಕಲ್ಲಿದ್ದಲು ಪೆಟ್ಟಿಗೆಯಲ್ಲಿ ಅಡಗಿಸಿದೆ. ಅಪ್ಪ ಸಲಿಕೆಯಿಂದ ಮಾಡುತ್ತಿದ್ದ ಕೆಲಸ ಈಗ ನಾಲ್ಕು ಪೆನ್ಸಿಲ್ ಸೆಲ್ಲು ಮಾಡುತ್ತವೆ.

ಶಫಿ ಚಾಚಾ ಹೈದರಾಬಾದಿನಿಂದ ಒಂದು ಐಸಿ ತರಿಸಿದ್ದಾನೆ. ಅದರಲ್ಲಿ ಇಪ್ಪತ್ತು ಸೆಕೆಂಡಿನಷ್ಟು ದನಿ ತುಂಬಿಡಬಹುದು, ಬಟನ್ ಒತ್ತಿದರೆ ಅದೇ ದನಿ ಮತ್ತೆ ಕೇಳುತ್ತದೆ. ಇಪ್ಪತ್ತೇ ಸೆಕೆಂಡು. ಅದರಲ್ಲಿ ಏನು ತುಂಬಲಿ?

ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ದೀಪ ಎಣಿಸಿ ಹೇಳಿದಿರಿ, ಅದೊಂದನ್ನು ನುಂಗಿದಿರಿ. ನಾನು ಮರೆಯುವವಳಲ್ಲ, ಕಾಕಾ. ಈ ಸ್ವಭಾವ ಅವ್ವನದು.

ಅನ್ನಮ್ಮ


ಕಮಲಾಪುರ
26 ಸೆಪ್ಟೆಂಬರ್ 1999

ಚಿ. ಅನ್ನಮ್ಮಳಿಗೆ ಆಶೀರ್ವಾದ.

ಈ ಊರಿಗೆ ರೈಲಿಲ್ಲ. ಹದಿಮೂರು ವರ್ಷದಿಂದ ಶಿಳ್ಳೆ ಕೇಳಿಲ್ಲ. ಆದರೂ ನೀನು ಕೇಳಿದ ಕೂಡಲೇ ಎಲ್ಲ ಕಿವಿಯಲ್ಲಿ ಬಂತು.

ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಸಲ ಭುಸ್ ಎನ್ನಬೇಕು. ಮೂರಾದರೆ ಇಂಜಿನ್ ಕುಂಟುತ್ತಿದೆ ಎಂದು ಅರ್ಥ. ಸ್ಟೇಶನ್ ಬಿಡುವಾಗ ನಾಲ್ಕನ್ನೂ ಎಣಿಸಬಹುದು, ಆಮೇಲೆ ಒಂದರಲ್ಲಿ ಒಂದು ಕೂಡುತ್ತವೆ. ಶಿಳ್ಳೆ ಕೆಳಗಿನಿಂದ ಏರಬೇಕು. ಒಮ್ಮೆಲೇ ಕಿರುಚಿದರೆ ಅದು ಬಸ್ಸಿನ ಹಾರ್ನು.

ಇಪ್ಪತ್ತು ಸೆಕೆಂಡಿನಲ್ಲಿ ಏನು ತುಂಬಲಿ ಎಂದು ನೀನು ಕೇಳಿದೆ. ಇಂಜಿನ್ನಿನ ಸದ್ದಿನಲ್ಲಿ ಇಬ್ಬರ ದನಿಯೂ ಇರುತ್ತದೆ, ಅದು ಹೊರಗಿನವರಿಗೆ ಗೊತ್ತಿಲ್ಲ. ಸ್ಟೇಶನ್ ಹತ್ತಿರ ಬಂದಾಗ ಮೊದಲು ಔಟರ್ ಸಿಗ್ನಲ್, ಆಮೇಲೆ ಹೋಮ್ ಸಿಗ್ನಲ್. ಸಿಗ್ನಲಿನ ಕೈ ಇಳಿದಿದ್ದರೆ, ರಾತ್ರಿಯಾದರೆ ಅದರ ದೀಪ ಹಸಿರಿದ್ದರೆ, ಹೋಗಬಹುದು. ಮೊದಲು ಕಂಡವನು "ಔಟರ್ ಡೌನ್" ಎಂದು ಕೂಗಬೇಕು. ಇನ್ನೊಬ್ಬ ತಾನೂ ಕಣ್ಣಾರೆ ನೋಡಿ, "ಔಟರ್ ಡೌನ್" ಎಂದು ತಿರುಗಿ ಹೇಳಬೇಕು. ನೋಡದೆ ಹೇಳಕೂಡದು. ಇದು ಕಾಯದೆ. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಹಿಡಿಯಲಿ ಎಂದು ಮಾಡಿದ್ದು.

ನಿಮ್ಮಪ್ಪ ಅಂಜುವವನಾಗಿರಲಿಲ್ಲ. ಇಷ್ಟು ಹೇಳಿದ್ದೇನೆ. ಇದಕ್ಕಿಂತ ಹೆಚ್ಚು ಕೇಳಬೇಡ.

ಮಲ್ಕಪ್ಪ


ಸ್ಟೇಶನ್ ಬಜಾರ, ಗುಲಬರ್ಗಾ
11 ಅಕ್ಟೋಬರ್ 1999

ಕಾಕಾ ಅವರಿಗೆ ನಮಸ್ಕಾರ.

ಕೇಳಬೇಡ ಎಂದಿರಿ, ಕೇಳುವುದಿಲ್ಲ. ಆದರೆ ಅಂಜುವವನಲ್ಲ ಎಂಬ ನಿಮ್ಮ ಸಾಲನ್ನು ಅವ್ವನ ಮುಂದೆ ಓದಿದೆ. "ಜೋಡಿ ಕೆಲಸ ಮಾಡಿದಂವ ಮತ್ತೇನು ಅಂತಾನ? ಹಂಗಾದ್ರ ಆ ಕಾಗದದ ಮ್ಯಾಲ ಸಹಿ ಯಾರದು?" ಎಂದಳು. ನಾನು ಪತ್ರ ಮಡಚಿ ಅಂಗಡಿಗೆ ಹೋದೆ.

ಒಳ್ಳೆಯ ಸುದ್ದಿ ಹೇಳುತ್ತೇನೆ. ಇಂಜಿನ್ ಓಡಿತು. ಹಲಗೆಯ ಮೇಲೆ ತಗಡು ಬಗ್ಗಿಸಿ ಗುಂಡಗೆ ಹಳಿ ಮಾಡಿದೆ. ಮೊದಲು ಹಿಂದಕ್ಕೆ ಓಡಿತು, ತಂತಿ ಅದಲು ಬದಲು ಮಾಡಿದ ಮೇಲೆ ಮುಂದಕ್ಕೆ. ಅಂಗಡಿಯ ಬಾಗಿಲು ಮುಚ್ಚಿ ಕತ್ತಲೆ ಮಾಡಿದೆವು. ಹೆಡ್‌ಲೈಟಿನ ಹಳದಿ ಬೆಳಕು ಗೋಡೆ ಹಿಡಿದು ಸುತ್ತು ಬಂತು. ಶಫಿ ಚಾಚಾ ಬಾಯಿ ಬಿಡದೆ ಐದು ಸುತ್ತು ನೋಡಿದ. ಅವನು ಐದು ಸುತ್ತು ಸುಮ್ಮನೆ ಕೂತಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿಲ್ಲ.

ಮಸಿ ತೊಳೆದಾಗ ಒಂದು ತಪ್ಪು ಕಂಡಿತು. ಅಪ್ಪ ಫಾಯರ್‌ಮನ್ನನ್ನು ಸರಿಯಾಗಿ ನಿಲ್ಲಿಸಿದ್ದಾನೆ. ಅವನು ಬಲಗಡೆ ಕಿಟಕಿಯಿಂದ ಹೊರಗೆ ಬಾಗಿ ಮುಂದೆ ನೋಡುತ್ತಾನೆ. ಡ್ರೈವರನ ಮುಖ ಮಾತ್ರ ದಾರಿಯ ಕಡೆಗಿಲ್ಲ. ಪೂರಾ ಬಲಕ್ಕೆ, ಫಾಯರ್‌ಮನ್ನನ ಕಡೆ ತಿರುಗಿದೆ. ಬೆಸೆಯುವಾಗ ಕೈ ಜಾರಿರಬೇಕು. ದಾರಿ ನೋಡದ ಡ್ರೈವರನನ್ನು ಪೆನ್ಶನ್ ಮಂದಿಗೆ ತೋರಿಸಿದರೆ ಬಲಗಡೆ ಭಾಗಪ್ಪನಿಗೆ ಡ್ರೈವರನನ್ನು ಮಾಡಲೂ ಬರಲಿಲ್ಲ ಎಂದು ಆಡಿಕೊಳ್ಳುತ್ತಾರೆ. ಅದಕ್ಕೇ ಬೆಸುಗೆ ಬಿಡಿಸಿ ಅವನ ಮುಖ ಮುಂದಕ್ಕೆ ತಿರುಗಿಸಿ ಕೂಡಿಸಿದೆ. ಈಗ ನೀವು ನೆಟ್ಟಗೆ ದಾರಿ ನೋಡುತ್ತಿದ್ದೀರಿ, ಕಾಕಾ.

ಅನ್ನಮ್ಮ


ಕಮಲಾಪುರ
17 ಅಕ್ಟೋಬರ್ 1999

ಅನ್ನಮ್ಮ,

ಅವನನ್ನು ತಿರುಗಿಸಬೇಡ. ತಿರುಗಿಸಿದ್ದರೆ ಮತ್ತೆ ಇದ್ದ ಹಾಗೆ ಮಾಡು. ನಿಮ್ಮಪ್ಪನ ಕೈ ಜಾರಿರಲಿಲ್ಲ.

ನಿನ್ನ ಪತ್ರವನ್ನು ದುಂಡಮ್ಮ ಎರಡು ಸಲ ಓದಿದಳು. ಎರಡು ದಿನ ನಾನು ಊಟ ಮಾಡಲಿಲ್ಲ. ಈಗ ಹೇಳುತ್ತೇನೆ, ಅವಳು ಬರೆಯುತ್ತಾಳೆ. ಇದನ್ನು ಅವಳಿಗೂ ಹೇಳಿಲ್ಲ.

ನನ್ನ ಕಣ್ಣು ರಿಟೈರಾದ ಮೇಲೆ ಹೋದದ್ದಲ್ಲ. ಎಂಬತ್ತೊಂದರ ಮಳೆಗಾಲದಲ್ಲಿ ಶುರುವಾಯಿತು. ಹಗಲು ಎಲ್ಲ ಸರಿ. ಹೊತ್ತು ಮುಳುಗಿದರೆ ಕಂಬಳಿ ಮುಸುಕು ಹಾಕಿದ ಹಾಗೆ. ದವಾಖಾನೆಯ ಪರೀಕ್ಷೆ ಹಗಲಿನಲ್ಲಿ ಮಾಡುತ್ತಿದ್ದರು, ಅಕ್ಷರದ ಹಲಗೆ ಓದಿ ಪಾಸಾಗುತ್ತಿದ್ದೆ. ಒಂದು ರಾತ್ರಿ ಹೋಮ್ ಸಿಗ್ನಲ್ ಕೆಂಪಿತ್ತು. ನನಗೆ ಸಿಗ್ನಲ್ಲೇ ಕಾಣಲಿಲ್ಲ. "ಅಣ್ಣಾ, ಬ್ರೇಕ್ ಹಾಕು" ಎಂದ ಭಾಗಪ್ಪ. ಹಾಕಿದೆ. ಮುಂದಿನ ಸ್ಟೇಶನ್ನಿಗೆ ಅವನು ಸಿಗ್ನಲ್ ಕಂಡರೂ ಬೇಕೆಂದೇ ಕೂಗಲಿಲ್ಲ. ನಾನೂ ಕೂಗಲಿಲ್ಲ. ಅಷ್ಟಕ್ಕೇ ಅವನಿಗೆ ತಿಳಿಯಿತು.

ಗಾಡಿ ನಿಂತ ಮೇಲೆ, "ನಿನ್ನ ಕೈ ಛಲೋ ಅದ ಅಣ್ಣಾ. ಕಣ್ಣು ನಾ ಆಗ್ತೀನಿ. ಎರಡು ವರ್ಷ ಓಡಿಸಿ ಬಿಟ್ಟುಬಿಡು" ಎಂದ. ಎರಡು ಹೋಗಿ, ನಾನು ರಿಟೈರಾಗುವ ತನಕ ಐದಾಯಿತು. ರಾತ್ರಿ ಗಾಡಿಯಲ್ಲಿ ಅವನು ಬಲಗಡೆಯಿಂದ ಬಾಗಿ ನೋಡಿ ಕೂಗುತ್ತಿದ್ದ. ನಾನು ಅವನ ಕಡೆ ಮುಖ ಮಾಡಿ ಕೇಳಿಸಿಕೊಂಡು ತಿರುಗಿ ಹೇಳುತ್ತಿದ್ದೆ. ಸದ್ದಿನಲ್ಲಿ ಮಾತು ತಪ್ಪಬಾರದೆಂದು ಅವನ ತುಟಿಯ ಕಡೆಗೇ ನನ್ನ ಮುಖ. ಒಲೆಯ ಬೆಳಕಿನಲ್ಲಿ ಅಷ್ಟು ಮಾತ್ರ ಕಾಣುತ್ತಿತ್ತು. ನೋಡದೆ ಹೇಳಕೂಡದು ಎಂಬ ಕಾಯದೆ ನಾನೇ ನಿನಗೆ ಬರೆಸಿದೆ. ಐದು ವರ್ಷ ನಾನು ನೋಡದೆ ಹೇಳಿದೆ.

ಇಂಜಿನ್ನಿನ ಹಿಂದೆ ಗಾಡಿಯ ಡಬ್ಬಿಗಳಲ್ಲಿ ಮಂದಿ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿರುತ್ತಿದ್ದರು. ಏನೂ ಆಗಲಿಲ್ಲ. ಆಗದಂತೆ ನೋಡಿಕೊಂಡವನು ಅವನು. ನಾನು ಆವತ್ತೇ ಹೇಳಿ ಕೆಳಗಿಳಿಯಬೇಕಿತ್ತು. ಇಳಿದರೆ ಶೆಡ್ಡಿನಲ್ಲಿ ನೀರು ಹೊಡೆಯುವ ಕೆಲಸ ಕೊಡುತ್ತಿದ್ದರು. ಇಂಜಿನ್ ಬಿಡಲು ನನಗೆ ಮನಸ್ಸಾಗಲಿಲ್ಲ. ಅದೇ ಕಾರಣ, ಬೇರೆ ಹೇಳಿದರೆ ಸುಳ್ಳು.

ಈಗ ಇನ್ನೊಂದು. ಎಂಬತ್ತೈದರಲ್ಲಿ ಅವನಿಗೆ ಎರಡನೇ ಕರೆ ಬಂತು. ಅವನು ಹೋದರೆ ನನ್ನ ಜೋಡಿ ಬೇರೆಯವನು ಬರುತ್ತಾನೆ, ಒಂದೇ ರಾತ್ರಿಯಲ್ಲಿ ನಾನು ಸಿಕ್ಕಿಬೀಳುತ್ತೇನೆ. ಹೋಗಬೇಡ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವನೇ ಕಾಗದ ತಂದು, "ಏನಂತ ಬರೀಲಿ ಅಣ್ಣಾ?" ಎಂದು ಕೇಳಿದ. ನಾನು ಹೇಳಿದೆ. ಬೇರೆ ಕಾರಣ ಬರೆದರೆ ಸಾಹೇಬರು ವಿಚಾರಣೆ ಮಾಡುತ್ತಾರೆ, ಅಂಜಿಕೆ ಎಂದರೆ ಯಾರೂ ಮುಂದೆ ಕೇಳುವುದಿಲ್ಲ ಎಂದು. ಆ ಸಾಲು ನನ್ನದು, ಅನ್ನಮ್ಮ. ಸಹಿ ಮಾತ್ರ ಅವನದು. ಎರಡು ಸಲ ಬೇಡ ಎಂದವನನ್ನು ಮೂರನೇ ಸಲ ಯಾರೂ ಕರೆಯಲಿಲ್ಲ.

ತೊಂಬತ್ತೆರಡರಲ್ಲಿ ಅವನು ಆ ಇಂಜಿನ್ ಹಿಡಿದುಕೊಂಡು ಕಮಲಾಪುರಕ್ಕೆ ಬಂದಿದ್ದ. ನನ್ನ ಕೈಗೆ ಕೊಟ್ಟ. ಬೆರಳಾಡಿಸುತ್ತ ಹೋದೆ, ಕ್ಯಾಬಿನಲ್ಲಿ ನಾನು ಸಿಕ್ಕೆ. ಮೂಗು ಬಲಕ್ಕಿತ್ತು. ಇಂಜಿನ್ನನ್ನು ತಿರುಗಿ ಅವನ ಕೈಗೆ ಕೊಟ್ಟೆ. ಚಹಾ ಕುಡಿದು ಹೋದ. ಯಾವ ಮುಖ ಇಟ್ಟುಕೊಂಡು ಅವನ ಮಣ್ಣಿಗೆ ಬರಲಿ?

ಮಲ್ಕಪ್ಪ

ಅನ್ನಮ್ಮ, ಇದು ನಾನು ದುಂಡಮ್ಮ ಬರೆಯುವುದು. ಐವತ್ತು ವರ್ಷ ಸಂಸಾರ ಮಾಡಿದವಳಿಗೂ ಇದು ಇವತ್ತೇ ತಿಳಿಯಿತು. ಬರೆಯುವಾಗ ಎರಡು ಕಾಗದ ಹರಿದೆ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಬಿಟ್ಟಿಲ್ಲ.


ಸ್ಟೇಶನ್ ಬಜಾರ, ಗುಲಬರ್ಗಾ
12 ಡಿಸೆಂಬರ್ 1999

ಮಲ್ಕಪ್ಪ ಕಾಕಾ,

ಎರಡು ತಿಂಗಳು ನಾನು ಪೆನ್ನು ಹಿಡಿಯಲಿಲ್ಲ. ಹಿಡಿದಿದ್ದರೆ ಏನೇನೋ ಬರೆಯುತ್ತಿದ್ದೆ. ಇಂಜಿನ್ನನ್ನು ಅಂಗಡಿಯ ಅಟ್ಟದ ಮೇಲೆ ಎತ್ತಿಟ್ಟಿದ್ದೆ.

ಹದಿನೈದು ವರ್ಷದವಳಿದ್ದಾಗ ಒಂದು ದಿನ ಅಪ್ಪನ ಜೋಡಿ ಜಗಳವಾಡಿ, "ನೀ ಬಲಗಡೆ ಭಾಗಪ್ಪನಾ ಸೈ" ಎಂದಿದ್ದೆ. ಅವನು ಬೂಟು ಕಳಚುತ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಬೂಟಿನ ದಾರ ಬಿಚ್ಚಿದ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಿಮ್ಮ ಪತ್ರ ಓದಿದ ದಿನದಿಂದ ಆ ಬೂಟು ನನ್ನ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ನಿಮ್ಮ ಮೇಲೆ ಸಿಟ್ಟು ಇದೆ, ಅವನ ಮೇಲೂ ಇದೆ. ನನ್ನ ಮೇಲಿರುವುದು ಅದಕ್ಕಿಂತ ಹೆಚ್ಚು.

ಅವ್ವನಿಗೆ ಹೇಳಿಲ್ಲ. ನಾನು ಹೇಳುವುದೂ ಇಲ್ಲ. ನಿಮ್ಮ ಪತ್ರ ಓದಿ ತೋರಿಸುವುದೂ ಇಲ್ಲ. ಆ ಸಾಲು ನಿಮ್ಮದಾದರೆ ಅದನ್ನು ವಾಪಸು ತೆಗೆದುಕೊಳ್ಳುವ ಬಾಯಿಯೂ ನಿಮ್ಮದೇ ಆಗಬೇಕು. ಜನವರಿ ಹದಿನೇಳಕ್ಕೆ ವರ್ಷದ ದಿನ. ಆ ಹೆಸರಿಟ್ಟ ದೇವೀಂದ್ರಪ್ಪ ಡ್ರೈವರನೂ ಊಟಕ್ಕೆ ಬರುತ್ತಾನೆ. ನೀವು ಬರಬೇಕು. ಅವ್ವನ ಮುಂದೆ, ಅವರೆಲ್ಲರ ಮುಂದೆ ಹೇಳಬೇಕು. ಬರದಿದ್ದರೆ ನಾನು ಇಂಜಿನ್ ಓಡಿಸುವುದಿಲ್ಲ. ಮತ್ತೆ ನಿಮಗೆ ಬರೆಯುವುದೂ ಇಲ್ಲ.

ಅನ್ನಮ್ಮ


ಕಮಲಾಪುರ
5 ಜನವರಿ 2000

ಚಿ. ಅನ್ನಮ್ಮಳಿಗೆ.

ಹದಿನಾರರ ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ. ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸು.

ಬಾಯಿಬಿಟ್ಟರೆ ನನ್ನ ಪೆನ್ಶನ್ ಇರುತ್ತದೋ ಹೋಗುತ್ತದೋ ತಿಳಿಯದು. ಹದಿಮೂರು ವರ್ಷ ಆ ಅಂಜಿಕೆಯಲ್ಲೇ ಸುಮ್ಮನಿದ್ದೆ. ಅಂಜುಬುರುಕ ಯಾರೆಂದು ನೀನು ಕೇಳಿದ್ದಕ್ಕೆ ಇದೇ ಉತ್ತರ.

ಮಲ್ಕಪ್ಪ

ಪೆನ್ಶನ್ ಹೋದರೆ ಹೋಗಲಿ. ಸಂತೆಯಲ್ಲಿ ಬಾಳೆಹಣ್ಣು ಮಾರಿಯಾದರೂ ತಿಂದೇವು. ನಾನೇ ಕೈಹಿಡಿದು ಕರೆದುಕೊಂಡು ಬರುತ್ತೇನೆ. ದುಂಡಮ್ಮ.


ಸ್ಟೇಶನ್ ಬಜಾರ, ಗುಲಬರ್ಗಾ
20 ಫೆಬ್ರುವರಿ 2000

ಕಾಕಾ, ಕಾಕು ಇಬ್ಬರಿಗೂ ನಮಸ್ಕಾರ.

ಆವತ್ತು ನೀವು ಪಡಸಾಲೆಯಲ್ಲಿ ನಿಂತು ಹೇಳಿದಿರಿ. ನಿಮಗೆ ಕೇಳಿಸಿದ್ದು ನಿಮಗೆ ಗೊತ್ತು. ಕಾಣದ್ದನ್ನು ನಾನು ಹೇಳಬೇಕು, ಅದಕ್ಕೇ ಈ ಪತ್ರ. ಕಾಕು, ನಿಧಾನವಾಗಿ ಓದಿ ಹೇಳಿ.

ನೀವು "ಆ ಸಾಲು ನಂದು" ಎಂದಾಗ ಪಂಕ್ತಿಯಲ್ಲಿ ಎಂಟು ಮಂದಿಯ ಕೈ ತಾಟಿನಲ್ಲೇ ನಿಂತಿತು. ದೇವೀಂದ್ರಪ್ಪ ಕಾಕಾ ಹೋಳಿಗೆ ಮುರಿಯುತ್ತಿದ್ದವರು ಅದನ್ನು ಕೆಳಗಿಟ್ಟರು. "ನನಗ ಗೊತ್ತಾಗಿದ್ರ ನಾ ರಿಪೋರ್ಟ್ ಮಾಡ್ತಿದ್ದೆ, ಮಲ್ಕಪ್ಪ. ಮಂದಿ ಜೀವದ ಮಾತು ಅದು" ಎಂದದ್ದನ್ನು ನೀವು ಕೇಳಿದ್ದೀರಿ. ಅದು ಖರೆ ಮಾತು, ನೀವೂ ಹೌದು ಎಂದಿರಿ. ಆಮೇಲೆ ಅವರು ಮಾಡಿದ್ದನ್ನು ನೀವು ನೋಡಲಿಲ್ಲ. ಕೈ ತೊಳೆದು ಬಂದು, ಓಡಿ ನಿಂತ ಇಂಜಿನ್ನಿನ ಮುಂದೆ ಕೂತರು. ಕಿಟಕಿಯಿಂದ ಬಾಗಿದ ತಗಡಿನ ಫಾಯರ್‌ಮನ್ನನ ತಲೆಯ ಮೇಲೆ ಒಂದು ಬೆರಳು ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನೀವು ಕೈಮುಗಿದದ್ದು ಬೇರೆ ದಿಕ್ಕಿಗೆ, ಗೋಡೆಯ ಕಡೆಗೆ. ಅವಳು ನಡೆದು ಬಂದು ಆ ಗೋಡೆಯ ಮುಂದೆ ನಿಂತಳು, ನಿಮ್ಮ ಕೈ ಎದುರಿಗೆ. ನಿಮಗೆ ಗೊತ್ತಾಗಲಿಲ್ಲ. ಹಾಗೆಯೇ ಒಳಗೆ ಹೋದಳು.

ನೀವು ಮಲಗಿದ ಮೇಲೆ ಅವಳು ಮೊದಲ ಸಲ ಇಂಜಿನ್ನಿನ ಹತ್ತಿರ ಬಂದು ಕೂತಳು. "ಈ ಇಬ್ಬರಾಗ ಇವ್ರು ಯಾರು?" ಎಂದು ಕೇಳಿದಳು. ಅಪ್ಪನನ್ನು ತೋರಿಸಿದೆ. ನಿಮ್ಮ ಪತ್ರ ಬಂದ ಮೇಲೆ ಡ್ರೈವರನ ಬೆಸುಗೆಯನ್ನು ನಾನು ಮತ್ತೆ ಬಿಡಿಸಿದ್ದೆ, ಬಲಕ್ಕೆ ತಿರುಗಿಸಿ ಕೂಡಿಸಿರಲಿಲ್ಲ. ಅವ್ವ ಹೆಬ್ಬೆರಳಿನಿಂದ ಅವನ ಮುಖವನ್ನು ಬಲಕ್ಕೆ ತಿರುಗಿಸಿದಳು. "ಇವ್ರ ಕಡೀಗೆ ನೋಡಪಾ" ಎಂದಳು. ಆಮೇಲೆ ಅತ್ತಳು. ಅಪ್ಪ ಹೋದ ದಿನ ಅವಳು ಅತ್ತಿರಲಿಲ್ಲ.

"ನನಗರೆ ಹೇಳಬೇಕಿತ್ತಲ್ಲ. ಹೇಳಿದ್ರ ನಾ ಬ್ಯಾಡ ಅಂತಿದ್ನೇನು? ಹದಿನಾಲ್ಕು ವರ್ಷ ಉಣ್ಣಾಕ ಕುಂತಾಗೊಮ್ಮೆ ಚುಚ್ಚೀನಿ. ಮಾತಾಡಿದ್ರ ಹೋತು, ಮುತ್ತು ಒಡದ್ರ ಹೋತು. ಈಗ ನಾ ಯಾರ ಮುಂದ ವಾಪಸ್ ತಗೊಳ್ಳಲಿ?" ಎಂದಳು. ನಿಮ್ಮನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ನೀವೂ ಕೇಳಬೇಡಿ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ನಿಮ್ಮ ದನಿ ತುಂಬಿದೆವಲ್ಲ, ಆಗ ನಾನು ನಿಮ್ಮ ಮೇಲೆ ರೇಗಿದ್ದೆ. ಇಪ್ಪತ್ತು ಸೆಕೆಂಡಿನಲ್ಲಿ ಅರ್ಧ ಹೊತ್ತು ನೀವು ಸುಮ್ಮನೇ ಇದ್ದಿರಿ. ಸುಮ್ಮನಿದ್ದು "ಔಟರ್ ಡೌನ್" ಎಂದಿರಿ. ಮತ್ತೆ ಸುಮ್ಮನಿದ್ದು "ಹೋಮ್ ಡೌನ್" ಎಂದಿರಿ. ಐಸಿ ದುಬಾರಿ, ಜಾಗ ಹಾಳು ಮಾಡಬೇಡಿ ಎಂದೆ. "ಅಂವ ಮೊದಲ ಹೇಳಬೇಕು, ಆಮ್ಯಾಲ ನಾ. ಅವನ ಜಾಗ ಬಿಡು" ಎಂದು ನೀವು ಹಟ ಹಿಡಿದಿರಿ. ಶಫಿ ಚಾಚಾ ನನ್ನ ಕೈ ಹಿಡಿದು ಸುಮ್ಮನಾಗಿಸಿದ. ಹಾಗೆಯೇ ಬಿಟ್ಟೆ.

ಇಂಜಿನ್ ಈಗ ಅಂಗಡಿಯಲ್ಲಿಲ್ಲ, ಮನೆಯಲ್ಲಿದೆ. ಅವ್ವನೇ ಬೇಕೆಂದು ತರಿಸಿಕೊಂಡಳು. ಬಟನ್ ಎಲ್ಲಿ, ಸೆಲ್ಲು ಹೇಗೆ ಬದಲಿಸಬೇಕು ಎಂದು ಕೇಳಿ ಕಲಿತಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯ ಬಲ್ಬು ಆರಿಸಿ ಅದನ್ನು ಓಡಿಸುತ್ತಾಳೆ. ಹೆಡ್‌ಲೈಟು ಗೋಡೆಯ ಮೇಲೆ ಸುತ್ತು ಬರುತ್ತದೆ, ಒಲೆಯ ಬಾಯಿ ಮಿನುಗುತ್ತದೆ, ಒಬ್ಬ ಹೊರಗೆ ನೋಡುತ್ತಾನೆ, ಇನ್ನೊಬ್ಬ ಅವನನ್ನು ನೋಡುತ್ತಾನೆ. ನಾನು ಅಡಿಗೆ ಮನೆಯಿಂದ ಕೇಳುತ್ತಿರುತ್ತೇನೆ. ನೀವು ಬಿಟ್ಟ ಜಾಗ ಬಂದಾಗ ಅವ್ವ "ಔಟರ್ ಡೌನ್" ಎನ್ನುತ್ತಾಳೆ. ಆಮೇಲೆ ನಿಮ್ಮ ದನಿ ಅದನ್ನು ತಿರುಗಿ ಹೇಳುತ್ತದೆ.

ನಿಮ್ಮ ಮಗಳು
ಅನ್ನಮ್ಮ ಭಾಗಪ್ಪ